‘ಮಾತ್ರೆ ತಗೊಳ್ತಿದ್ದೀರಾ?’ ಅಂತ ಕೇಳೋದನ್ನು ನಾನು ಬಿಟ್ಟಿದ್ದು ಯಾಕೆ

ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಕಡೆ ಒಂದು ಹಳ್ಳಿಯ ಉಪಕೇಂದ್ರದಲ್ಲಿ ನಾನು ಸಮುದಾಯ ಆರೋಗ್ಯ ಅಧಿಕಾರಿ. ಊರಿನವರು ಕರೆಯುವುದು ಸಿಸ್ಟರಮ್ಮ ಅಂತ. 30 ವರ್ಷ ದಾಟಿದವರ ಬಿಪಿ, ಶುಗರ್ ನೋಡುವುದು, ತಿಂಗಳಿಗಾಗುವಷ್ಟು ಮಾತ್ರೆ ಕೊಡುವುದು, ಹೆಚ್ಚು ಕಡಿಮೆ ಕಂಡರೆ ಡಾಕ್ಟರ ಹತ್ತಿರ ಕಳಿಸುವುದು ನನ್ನ ಕೆಲಸದ ದೊಡ್ಡ ಪಾಲು.

ಮೊದಲ ಎರಡು ವರ್ಷ ಎಲ್ಲರಿಗೂ ಒಂದೇ ಪ್ರಶ್ನೆ ಕೇಳುತ್ತಿದ್ದೆ. "ಮಾತ್ರೆ ಸರಿಯಾಗಿ ತಗೊಳ್ತಿದ್ದೀರಾ?" ಬರುತ್ತಿದ್ದ ಉತ್ತರವೂ ಒಂದೇ. "ಹೂಂ ಸಿಸ್ಟರಮ್ಮ, ತಗೊಳ್ತಾ ಇದೀನಿ." ನಾನು ರಿಜಿಸ್ಟರಿನಲ್ಲಿ ‘ನಿಯಮಿತ’ ಅಂತ ಬರೆಯುತ್ತಿದ್ದೆ.

ಆ ಒಂದು ಪದ ಬರೆದದ್ದಕ್ಕೆ ಒಬ್ಬ ಅಜ್ಜಿ ಬಿದ್ದು ಕೈ ಮುರಿದುಕೊಂಡರು.

ಅವರ ಬಿಪಿ ಮೂರು ತಿಂಗಳಾದರೂ 170/100ರಿಂದ ಕೆಳಗೆ ಇಳಿದಿರಲಿಲ್ಲ. ದಿನಾ ಮಾತ್ರೆ ತಗೊಂಡೂ ಇಳಿಯುತ್ತಿಲ್ಲ ಅಂದರೆ ಡಾಕ್ಟರು ಏನು ಮಾಡಬೇಕು? ನನ್ನ ರಿಜಿಸ್ಟರು ನೋಡಿ ಇನ್ನೊಂದು ಮಾತ್ರೆ ಸೇರಿಸಿದರು. ಆಮೇಲೆ ಅಜ್ಜಿ ಚಿಂತಾಮಣಿಯಲ್ಲಿರುವ ಮಗಳ ಮನೆಗೆ ಹೋದರು. ಮಗಳು ದಿನಾ ಬೆಳಗ್ಗೆ ಎದುರು ನಿಂತು ಎರಡೂ ಮಾತ್ರೆ ನುಂಗಿಸಿದಳು. ಎರಡು ವಾರದ ಮೇಲೆ ಬೆಳಗ್ಗೆ ಎದ್ದು ನಿಂತವರಿಗೆ ತಲೆ ತಿರುಗಿತು. ಬಚ್ಚಲ ಬಾಗಿಲಲ್ಲಿ ಬಿದ್ದರು. ಆಸ್ಪತ್ರೆಯಲ್ಲಿ ನೋಡಿದಾಗ ಬಿಪಿ ತುಂಬಾ ಕೆಳಗಿತ್ತು.

ಕೈಗೆ ಪಟ್ಟಿ ಹಾಕಿಕೊಂಡು ಊರಿಗೆ ಬಂದ ಮೇಲೆ ಮನೆಗೆ ಹೋಗಿ ನೋಡಿದೆ. ಅಡುಗೆ ಮನೆಯ ಮೊಳೆಗೆ ನೇತುಹಾಕಿದ್ದ ಕವರಿನಲ್ಲಿ ನಾನೇ ಕೊಟ್ಟಿದ್ದ ಹಳೇ ಮಾತ್ರೆ ಆರು ಸ್ಟ್ರಿಪ್ ಹಾಗೇ ಇದ್ದವು. ಅಜ್ಜಿ ನನ್ನ ಮುಖ ನೋಡಲಿಲ್ಲ. "ನೀನು ಅಷ್ಟು ಪ್ರೀತಿಯಿಂದ ಕೇಳ್ತಿದ್ದೆ ಕಣಮ್ಮ, ಇಲ್ಲ ಅಂತ ಹೆಂಗೆ ಹೇಳ್ಲಿ?" ಅಂದರು.

ಆ ಮಾತು ನನ್ನನ್ನು ಇವತ್ತಿಗೂ ಬಿಟ್ಟಿಲ್ಲ. ಅವರು ಮೋಸ ಮಾಡಿರಲಿಲ್ಲ. ನನ್ನ ಪ್ರಶ್ನೆಗೆ ಮರ್ಯಾದೆ ಕೊಟ್ಟಿದ್ದರು. ಸರಿಯಾದ ಉತ್ತರ ಯಾವುದು ಅಂತ ಪ್ರಶ್ನೆಯೇ ಹೇಳಿಕೊಡುತ್ತಿತ್ತು, ಅಲ್ವಾ? ಹತ್ತು ಜನ ಸರತಿಯಲ್ಲಿ ನಿಂತು ಕೇಳಿಸಿಕೊಳ್ಳುತ್ತಿರುವಾಗ "ಇಲ್ಲ" ಅನ್ನಲು ಯಾರಿಗೆ ಮನಸ್ಸು ಬರುತ್ತದೆ?

ಆಮೇಲೆ ಇದರ ಬಗ್ಗೆ ಸಿಕ್ಕಿದ್ದೆಲ್ಲ ಓದಿದೆ. ಈ ತೊಂದರೆ ನಮ್ಮ ಹಳ್ಳಿಯದು ಮಾತ್ರ ಅಲ್ಲ. ಮುಂದುವರಿದ ದೇಶಗಳಲ್ಲೂ ದೀರ್ಘಕಾಲದ ಕಾಯಿಲೆ ಇರುವವರಲ್ಲಿ ಸುಮಾರು ಅರ್ಧದಷ್ಟು ಜನ ಮಾತ್ರ ಹೇಳಿದ ಹಾಗೆ ಔಷಧಿ ತಗೊಳ್ಳುತ್ತಾರೆ ಅಂತ ವಿಶ್ವ ಆರೋಗ್ಯ ಸಂಸ್ಥೆ 2003ರಲ್ಲೇ ಹೇಳಿದೆ. ಓದಿದವರು, ಓದದವರು ಅಂತ ನಾವು ಸುಮ್ನೆ ಭೇದ ಮಾಡುತ್ತೇವೆ. 1986ರಲ್ಲಿ ಅಮೆರಿಕದ ಡೊನಾಲ್ಡ್ ಮೊರಿಸ್ಕಿ ಮತ್ತು ಜೊತೆಯವರು ಬಿಪಿ ಇರುವವರನ್ನು ಕೇಳಲು ನಾಲ್ಕು ಪ್ರಶ್ನೆ ಮಾಡಿದರು. ಮಾತ್ರೆ ಯಾವಾಗಲಾದರೂ ಮರೆಯುತ್ತೀರಾ, ಮೈ ಹುಷಾರಾಗಿದೆ ಅನಿಸಿದಾಗ ನಿಲ್ಲಿಸುತ್ತೀರಾ, ಈ ಥರದವು. ಜನ ಡಾಕ್ಟರ ಮುಂದೆ ‘ಹೌದು’ ಅಂದುಬಿಡುತ್ತಾರೆ ಅಂತ ಅವರಿಗೆ ಗೊತ್ತಿತ್ತು. ಅದಕ್ಕೇ ‘ಹೌದು’ ಅಂದರೆ ಮಾತ್ರೆ ತಪ್ಪುತ್ತಿದೆ ಅಂತ ಅರ್ಥ ಬರುವ ಹಾಗೆ ಪ್ರಶ್ನೆ ಕಟ್ಟಿದರು.

ನಾನೂ ಪ್ರಶ್ನೆ ಬದಲಾಯಿಸಿದೆ. ಈಗ ಕೇಳುವುದು ಹೀಗೆ: "ದಿನಾ ಮಾತ್ರೆ ತಗೊಳ್ಳೋದು ಕಷ್ಟಾನೇ. ಸುಮಾರು ಜನಕ್ಕೆ ತಪ್ಪಿ ಹೋಗುತ್ತೆ. ಹೋದ ವಾರ ನಿಮಗೆ ಎಷ್ಟು ದಿನ ತಪ್ಪಿರಬಹುದು?" ಪಕ್ಕದಲ್ಲಿ ಯಾರೂ ಇಲ್ಲದಾಗ ಕೇಳುತ್ತೇನೆ. ಮೊದಲ ದಿನವೇ ಒಬ್ಬರು "ನಾಕು ದಿನ" ಅಂದರು. ಇನ್ನೊಬ್ಬರು "ತಗೊಂಡಿದ್ದೇ ಎರಡು ದಿನ" ಅಂದರು. ಎರಡು ವರ್ಷ ನನ್ನಿಂದ ಸಾಧ್ಯವಾಗದ್ದು ಒಂದು ಬೆಳಗ್ಗೆ ಆಯಿತು.

ನಡುವೆ ಖಾಲಿ ಸ್ಟ್ರಿಪ್ ತಂದು ತೋರಿಸಿ ಅನ್ನುವುದನ್ನೂ ಮಾಡಿ ನೋಡಿದ್ದೆ. ಅದು ಪರೀಕ್ಷೆಯ ಹಾಗೆ ಆಯಿತು. ಒಬ್ಬರು ಬರುವ ಹಿಂದಿನ ದಿನ ಮಾತ್ರೆ ಬಿಡಿಸಿ ತಿಪ್ಪೆಗೆ ಹಾಕಿ ಖಾಲಿ ಸ್ಟ್ರಿಪ್ ತಂದಿದ್ದರು. ಆವತ್ತೇ ನಿಲ್ಲಿಸಿದೆ.

ನಿಜ ಗೊತ್ತಾದ ಮೇಲೆ ಮುಂದೇನು? ಮೊದಲಾಗಿದ್ದರೆ ಪಾರ್ಶ್ವವಾಯು, ಹೃದಯಾಘಾತ ಅಂತ ಹೆದರಿಸುತ್ತಿದ್ದೆ. ಜನಕ್ಕೆ ಅದು ಗೊತ್ತಿಲ್ಲವೇ? ಎಲ್ಲರ ಬೀದಿಯಲ್ಲೂ ಒಬ್ಬರಿಗೆ ಕೈಕಾಲು ಬಿದ್ದು ಹೋಗಿರುತ್ತದೆ. ಮಾತ್ರೆ ತಗೋಬೇಕು ಅನ್ನುವ ಮನಸ್ಸೂ ಇರುತ್ತದೆ. ಯಾವಾಗ, ಎಲ್ಲಿ ಅನ್ನುವುದು ಮಾತ್ರ ಗಟ್ಟಿಯಾಗಿರುವುದಿಲ್ಲ. ಜರ್ಮನಿಯ ಮನೋವಿಜ್ಞಾನಿ ಪೀಟರ್ ಗಾಲ್ವಿಟ್ಜರ್ 1999ರಲ್ಲಿ ಬರೆದದ್ದು ಇದನ್ನೇ. "ಮಾಡ್ತೀನಿ" ಅಂದುಕೊಳ್ಳುವುದಕ್ಕಿಂತ "ಇಂಥದ್ದು ಆದ ತಕ್ಷಣ ಇದನ್ನು ಮಾಡ್ತೀನಿ" ಅಂತ ಗೊತ್ತು ಮಾಡಿಕೊಂಡವರು ಕೆಲಸ ಮುಗಿಸುವುದು ಜಾಸ್ತಿ.

ನಮ್ಮೂರಲ್ಲಿ ಒಂದು ದಿನವೂ ತಪ್ಪದ ಕೆಲಸ ಯಾವುದು? ಡೈರಿಗೆ ಹಾಲು ಹಾಕುವುದು. ಹಬ್ಬ ಇರಲಿ, ಮಳೆ ಬರಲಿ, ಹಸುವಿಗೆ ರಜ ಇಲ್ಲ. ಹಾಗಾಗಿ ಅಜ್ಜಿ ಹತ್ತಿರ ಕೂತು ಕೇಳಿದೆ, ಬೆಳಗ್ಗೆ ಡೈರಿಯಿಂದ ಬಂದ ಮೇಲೆ ಏನು ಮಾಡುತ್ತೀರಿ ಅಂತ. ಕ್ಯಾನು ತೊಳೆದು ಕಟ್ಟೆ ಮೇಲೆ ಬೋರಲು ಹಾಕ್ತೀನಿ, ಆಮೇಲೆ ಟೀ ಅಂದರು. "ಹಂಗಾದ್ರೆ ಕ್ಯಾನು ಬೋರಲು ಹಾಕಿದ ತಕ್ಷಣ ಮಾತ್ರೆ, ಆಮೇಲೆ ಟೀ, ಆಗುತ್ತಾ ಅಜ್ಜಿ?" ಅಂದೆ. ಅವರ ಬಾಯಲ್ಲೇ ಎರಡು ಸಲ ಹೇಳಿಸಿದೆ. ಮಾತ್ರೆ ಕವರು ಅಡುಗೆ ಮನೆಯಿಂದ ಕಟ್ಟೆ ಪಕ್ಕದ ಗೋಡೆಗೆ ಬಂತು, ಮೊಮ್ಮಕ್ಕಳ ಕೈಗೆ ಎಟುಕದಷ್ಟು ಮೇಲೆ.

ಅಭ್ಯಾಸ 21 ದಿನಕ್ಕೆ ಕೂರುತ್ತದೆ ಅಂತ ಎಲ್ಲರೂ ಹೇಳುತ್ತಾರೆ. ಅದನ್ನು ನಂಬಬೇಡಿ. ಫಿಲಿಪ್ಪಾ ಲ್ಯಾಲಿ ಅನ್ನುವವರು ಲಂಡನ್ನಿನಲ್ಲಿ 96 ಜನರನ್ನು 12 ವಾರ ಗಮನಿಸಿದರು. ಸಣ್ಣ ಅಭ್ಯಾಸ ಕೂರಲು ನಡುಮಟ್ಟದ ಲೆಕ್ಕ 66 ದಿನ. ಆದರೆ ಒಬ್ಬರಿಗೆ 18 ದಿನ ಸಾಕಾದರೆ ಇನ್ನೊಬ್ಬರಿಗೆ 254 ದಿನ ಬೇಕಾಗಬಹುದು ಅಂತ ಲೆಕ್ಕ ಬಂತು. ಮಧ್ಯೆ ಒಂದು ದಿನ ತಪ್ಪಿದರೆ ಅಭ್ಯಾಸವೇನೂ ಕೆಟ್ಟು ಹೋಗುವುದಿಲ್ಲ ಅನ್ನುವುದೂ ಅದರಲ್ಲೇ ತಿಳಿಯಿತು. ಇದನ್ನು ನಾನು ಎಲ್ಲರಿಗೂ ಹೇಳುತ್ತೇನೆ. ಒಂದು ದಿನ ತಪ್ಪಿತು, ಇನ್ನೇನು ಬಂತು ಅಂತ ಪೂರ್ತಿ ಕೈಬಿಟ್ಟವರನ್ನು ತುಂಬಾ ನೋಡಿದ್ದೇನೆ. ತಪ್ಪಿದ್ದಕ್ಕೆ ಮರುದಿನ ಎರಡು ನುಂಗುವುದು ಮಾತ್ರ ಬೇಡ.

ಮೂರು ತಿಂಗಳಲ್ಲಿ ಅಜ್ಜಿಯ ಬಿಪಿ 140/90ರ ಒಳಗೆ ಬಂತು. ಡಾಕ್ಟರು ಎರಡನೇ ಮಾತ್ರೆ ನಿಲ್ಲಿಸಿದ್ದರು. ಮೊದಲಿನ ಒಂದೇ ಸಾಕಾಗಿತ್ತು.

ಎಲ್ಲರಿಗೂ ಇದು ಆಗಲಿಲ್ಲ. ಟೊಮೆಟೊ ಸೀಸನ್ನಿನಲ್ಲಿ ರಾತ್ರಿಯೆಲ್ಲ ಲೋಡು ಹಾಕಿಕೊಂಡು ಕೋಲಾರದ ಮಂಡಿಗೆ ಹೋಗುವ ಡ್ರೈವರುಗಳಿಗೆ ಇವತ್ತಿನ ಬೆಳಗ್ಗೆ ನಾಳೆ ಇರುವುದಿಲ್ಲ. ಅವರಿಗೆ ಏನನ್ನು ಏನಕ್ಕೆ ಕಟ್ಟಬೇಕು ಅಂತ ನನಗಿನ್ನೂ ಹೊಳೆದಿಲ್ಲ. ಒಬ್ಬರು ಗಾಡಿ ಕೀ ಗೊಂಚಲಿಗೇ ಸಣ್ಣ ಡಬ್ಬಿ ಸಿಕ್ಕಿಸಿಕೊಂಡಿದ್ದಾರೆ. ನೋಡಬೇಕು.

ಹೋದ ವರ್ಷ ಅಜ್ಜಿಯ ಬಿಪಿ ಇದ್ದಕ್ಕಿದ್ದ ಹಾಗೆ ಮತ್ತೆ ಏರಿತು. ಎಷ್ಟು ದಿನ ತಪ್ಪಿತು ಅಂತ ಕೇಳಿದೆ. "ಹತ್ತು ಹದಿನೈದು ದಿನ ಆಗಿರಬೇಕು, ಯಾಕೆ ಅಂತ ನಂಗೇ ಗೊತ್ತಾಗ್ತಿಲ್ಲ ಕಣಮ್ಮ" ಅಂದರು. ನಿಜ ಹೇಳಿದರಲ್ಲ ಅಂತ ನನಗೆ ಸಮಾಧಾನ. ಮಾತಾಡುತ್ತಾ ಅವರ ಅಂಗಳಕ್ಕೆ ಹೋದೆ. ಕಟ್ಟೆ ಮೇಲೆ ಕ್ಯಾನು ಇರಲಿಲ್ಲ. ಗಬ್ಬದ ಹಸು, ಹಾಲು ಬತ್ತಿಸಿದ್ದರು. ಹಾಲಿಲ್ಲ, ಡೈರಿ ಇಲ್ಲ, ಬೋರಲು ಹಾಕಲು ಕ್ಯಾನೂ ಇಲ್ಲ. ಅದರ ಹಿಂದೆಯೇ ಮಾತ್ರೆಯೂ ಹೋಗಿತ್ತು.

ಕರು ಹಾಕುವ ತನಕ ಬಾಗಿಲಿಗೆ ನೀರು ಹಾಕಿ ರಂಗೋಲಿ ಬಿಟ್ಟ ಮೇಲೆ ಮಾತ್ರೆ ಅಂತ ಗೊತ್ತು ಮಾಡಿಕೊಂಡೆವು. ನನ್ನ ರಿಜಿಸ್ಟರಿನಲ್ಲಿ ‘ನಿಯಮಿತ’ ಅನ್ನುವ ಪದ ಈಗ ಇಲ್ಲ. ತಪ್ಪಿದ ದಿನ ಎಷ್ಟು ಅಂತ ಒಂದು ಕಾಲಂ ಇದೆ. ಅದರ ಪಕ್ಕದಲ್ಲಿ, ಹಸು ಹಾಲು ಕೊಡುತ್ತಿದೆಯೇ ಅಂತ ಇನ್ನೊಂದು.