ಹುರಿ ಯಾರು ಹೊಸೆದದ್ದು?

ಭಾನುವಾರದಿಂದ ದೊಡ್ಡಪ್ಪನ ಒಂದೇ ಮಾತು ತಲೆಯಲ್ಲಿ ಕೂತಿದೆ.

ಕಾರವಾರದ ಬೈತಖೋಲ್ ಬಂದರಿಗೆ ಹಾಯಿ ದೋಣಿಗಳು ಬಂದಿವೆ, ನೋಡಿ ಬರೋಣ ಅಂತ ಅವರನ್ನು ಕರೆದುಕೊಂಡು ಹೋಗಿದ್ದೆ. ಜಾಸ್ತಿ ಇರಲಿಲ್ಲ, ಆರೇಳು. ಟ್ರಾಲರ್‌ಗಳ ಪಕ್ಕ ತೀರಾ ಸಣ್ಣದಾಗಿ ಕಾಣುತ್ತಿದ್ದವು. ಆದರೆ ಒಂದು ದೋಣಿ ಹಾಯಿ ಬಿಚ್ಚಿ ಗಾಳಿ ತುಂಬಿಕೊಂಡ ಕೂಡಲೇ ಎಲ್ಲರೂ ಮಾತು ನಿಲ್ಲಿಸಿಬಿಟ್ಟರು.

ದೊಡ್ಡಪ್ಪ ಹಾಯಿ ಕಡೆ ನೋಡಲೇ ಇಲ್ಲ. ಎಂಬತ್ತು ದಾಟಿದ ಜೀವ, ಯಂತ್ರದ ಪರ್ಸೀನ್ ಬೋಟು ಬರುವ ಮೊದಲು ಊರ ಮಂದಿಯ ಜೊತೆ ದಡದಲ್ಲಿ ನಿಂತು ರಂಪಣಿ ಎಂಬ ದೊಡ್ಡ ಬಲೆ ಎಳೆದವರು. ದಡಕ್ಕೆ ಎಳೆದಿಟ್ಟಿದ್ದ ಒಂದು ಹಳೆಯ ಹೊಲಿಗೆ ದೋಣಿಯ, ಅಂದರೆ ಮೊಳೆ ಇಲ್ಲದೆ ನಾರಿನ ಹುರಿಯಿಂದ ಹಲಗೆ ಹೊಲಿದ ದೋಣಿಯ ಹತ್ತಿರ ಬಗ್ಗಿ, ಹಲಗೆಗಳು ಸೇರುವ ಕಡೆ ಬೆರಳಾಡಿಸುತ್ತಾ ನಿಂತರು.

ವಿವರ ಹೇಳುತ್ತಿದ್ದ ಹುಡುಗ ಒಳ್ಳೆಯವನು, ಚೆನ್ನಾಗಿ ಓದಿಕೊಂಡಿದ್ದ. 2025ರ ಮೇ 21ರಂದು ನಮ್ಮ ಕಾರವಾರದಲ್ಲೇ ನೌಕಾಪಡೆಗೆ ಸೇರಿದ ಕೌಂಡಿನ್ಯ ಎಂಬ ಹಾಯಿ ಹಡಗನ್ನೂ ಹೀಗೇ ಹೊಲಿದದ್ದು, ಅಜಂತಾದ ಚಿತ್ರ ನೋಡಿ ಕಟ್ಟಿದ್ದು, ಅದರ ಹಾಯಿಯ ಮೇಲೆ ಗಂಡಭೇರುಂಡ ಇದೆ, ಪೋರಬಂದರಿನಿಂದ ಹೊರಟು 2026ರ ಜನವರಿಯಲ್ಲಿ ಮಸ್ಕತ್ ಮುಟ್ಟಿತು ಅಂತೆಲ್ಲ ಉತ್ಸಾಹದಿಂದ ಹೇಳಿದ.

"ಹುರಿ ಯಾರು ಹೊಸೆದದ್ದು?" ದೊಡ್ಡಪ್ಪ ಕೇಳಿದರು.

"ಕೇರಳದ ಕುಶಲಕರ್ಮಿಗಳು ಹೊಲಿದದ್ದು ಅಜ್ಜಾ."

"ಹೊಲಿದದ್ದಲ್ಲ ತಮಾ. ಹುರಿ. ಹುರಿ ಯಾರು ಹೊಸೆದದ್ದು?"

ಹುಡುಗ ಸುಮ್ಮನಾದ. ಅವನ ತಪ್ಪಲ್ಲ, ಅವನಿಗೆ ಯಾರೂ ಅದನ್ನು ಹೇಳಿರಲಿಕ್ಕಿಲ್ಲ.

ವಾಪಸ್ ಬರುವಾಗ ಬಸ್ಸಿನಲ್ಲಿ ದೊಡ್ಡಪ್ಪ ಬಾಯಿಬಿಟ್ಟರು. ತೆಂಗಿನಕಾಯಿ ಸಿಪ್ಪೆಯನ್ನು ಅಘನಾಶಿನಿ ಹೊಳೆಯ ಕೆಸರಿನಲ್ಲಿ ತಿಂಗಳುಗಟ್ಟಲೆ ಹೂತಿಡುವುದು, ತೆಗೆದಾಗ ಬರುವ ಆ ನಾತ, ಕೊಡತಿಯಲ್ಲಿ ಬಡಿದು ನಾರು ಬಿಡಿಸುವುದು, ಆಮೇಲೆ ಕೂತು ತೊಡೆಯ ಮೇಲೆ ಹೊಸೆಯುವುದು. ಎಲ್ಲ ಅವರ ಅಬ್ಬೆಯ ಕೆಲಸ, ಅಂದರೆ ನನ್ನ ಅಜ್ಜಿಯದು. ಮೊಳೆ ಹೊಡೆದ ದೋಣಿಯಲ್ಲಿ ಮೊಳೆ ಉಪ್ಪು ನೀರಿಗೆ ತುಕ್ಕು ಹಿಡಿಯುತ್ತದೆ, ಅಲೆ ಎತ್ತಿ ಮರಳಿಗೆ ಕುಕ್ಕಿದರೆ ಹಲಗೆ ಸೀಳುತ್ತದೆ. ಹೊಲಿದದ್ದು ಸ್ವಲ್ಪ ಬಳುಕಿ ತಡೆದುಕೊಳ್ಳುತ್ತದೆ. ಆದರೆ ಆ ಹೊಲಿಗೆ ಬಹಳ ಕಾಲ ಬಾಳುವುದಿಲ್ಲ, ಬಿಚ್ಚಿ ಮತ್ತೆ ಹೊಲಿಯಬೇಕು. ಮತ್ತೆ ಹುರಿ ಬೇಕು. "ಅಬ್ಬೆಯ ಬಲ ತೊಡೆ ಮೇಲೆ ಚರ್ಮ ದಡ್ಡುಗಟ್ಟಿ ಕಪ್ಪಾಗಿತ್ತು" ಎಂದರು. ಅಂಕೋಲಾ ಬರುವವರೆಗೂ ಮತ್ತೆ ಮಾತಿಲ್ಲ.

ನನಗೆ ಅಜ್ಜಿಯ ಕೈ ನೆನಪಿದೆ. ತಲೆ ಸವರಿದರೆ ಕೂದಲು ಸಿಕ್ಕಿಕೊಳ್ಳುವಷ್ಟು ಒರಟು. ಯಾಕೆ ಹೀಗೆ ಅಂತ ಒಂದು ದಿನವೂ ಕೇಳಲಿಲ್ಲ. ಸಮುದ್ರಕ್ಕೆ ಹೋದ ಗಂಡಸರ ಕತೆ ನಮ್ಮ ಮನೆಯಲ್ಲಿ ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಬಿರುಗಾಳಿ, ಮುರಿದ ಕೂವೆಮರ, ಎಲ್ಲ ಬಾಯಿಪಾಠ. ಅವರು ಕೂತಿದ್ದ ದೋಣಿಯನ್ನು ಬಿಗಿಯಾಗಿ ಹಿಡಿದಿದ್ದು ಅಂಗಳದಲ್ಲಿ ಕೂತಿದ್ದ ಹೆಂಗಸರ ಹುರಿ ಅಂತ ಯಾರೂ ಹೇಳಿರಲಿಲ್ಲ, ಅಲ್ವಾ? ಅದು ನನಗೆ ತುಂಬಾ ನೋವು ಕೊಡುತ್ತಿದೆ.

ಆ ಹುಡುಗನ ನಂಬರ್ ತೆಗೆದುಕೊಂಡಿದ್ದೆ. ದೊಡ್ಡಪ್ಪ ಹೇಳಿದ್ದನ್ನೆಲ್ಲ ಇವತ್ತು ರಾತ್ರಿ ಫೋನ್ ಮಾಡಿ ಅವನಿಗೆ ಹೇಳುತ್ತೇನೆ.