ಸಿಇಟಿನಾ, ಜೆಇಇನಾ, ಕಾಮೆಡ್‌ಕೆನಾ?

ಭಾನುವಾರ, 16 ನವೆಂಬರ್ 2025

ಜೆಇಇ ಮೇನ್ಸ್ ಅರ್ಜಿ ಈ ತಿಂಗಳೊಳಗೇ ಹಾಕಬೇಕು. ಹಾಗಾಗಿ ಇವತ್ತು ತಿಂಡಿ ಮುಗಿಸಿ ಮೂವರೂ ಕೂತೆವು. ಮಗಳದ್ದು ಸೆಕೆಂಡ್ ಪಿಯುಸಿ. ಎಂಜಿನಿಯರಿಂಗ್ ಅನ್ನೋದು ನಿಕ್ಕಿ, ಯಾವ ಪರೀಕ್ಷೆಗೆ ಜೀವ ತೇಯಬೇಕು ಅನ್ನೋದೇ ಪ್ರಶ್ನೆ: ನಮ್ಮ ರಾಜ್ಯದ ಸಿಇಟಿಗಾ, ದೇಶಮಟ್ಟದ ಜೆಇಇಗಾ, ಖಾಸಗಿ ಕಾಲೇಜುಗಳ ಕಾಮೆಡ್‌ಕೆಗಾ? ನೆಂಟರನ್ನು ಕೇಳಿದರೆ ಎಲ್ಲರದ್ದೂ ಒಂದೇ ಮಾತು: "ಎಲ್ಲಾ ಬರೆಸಿಬಿಡಿ, ಯಾವುದಾದ್ರೂ ಒಂದು ಹತ್ತುತ್ತೆ." ಓದೋರು ಅವರಲ್ಲವಲ್ಲ!

ಹೋದ ವಾರ ಅವಳು ಹಳೆಯ ಸಿಇಟಿ ಫಿಸಿಕ್ಸ್ ಪತ್ರಿಕೆ ಬಿಡಿಸುತ್ತಿದ್ದಳು. ಮೊಬೈಲಿನಲ್ಲಿ ಟೈಮರ್ ಓಡುತ್ತಿತ್ತು. ಒಂದು ಕೆಪ್ಯಾಸಿಟರ್ ಲೆಕ್ಕ. ಸರ್ಕ್ಯೂಟನ್ನು ಮತ್ತೆ ಮತ್ತೆ ಚಿಕ್ಕದಾಗಿ ಬರೆದುಕೊಂಡಳು, ಸೀರೀಸ್ ಯಾವುದು ಪ್ಯಾರಲಲ್ ಯಾವುದು ಅಂತ ಬಿಡಿಸಿದಳು, ಕೊನೆಗೆ ಉತ್ತರದ ಪಕ್ಕ ಮೈಕ್ರೊಫ್ಯಾರಡ್ ಅಂತ ಯೂನಿಟ್ಟನ್ನೂ ನೀಟಾಗಿ ಬರೆದಳು. ಉತ್ತರ ಸರಿ. ಆದರೆ ಐದು ನಿಮಿಷ ಹೋಗಿತ್ತು. ಸಿಇಟಿಯಲ್ಲಿ ಒಂದೊಂದು ವಿಷಯಕ್ಕೆ 60 ಪ್ರಶ್ನೆ, 80 ನಿಮಿಷ. ಪ್ರಶ್ನೆಗೆ 80 ಸೆಕೆಂಡ್, ಓಎಂಆರ್ ಶೀಟಿನ ಗುಂಡು ತುಂಬೋದೂ ಅದರಲ್ಲೇ. ಕಾಮೆಡ್‌ಕೆ ಇನ್ನೂ ಬಿಗಿ: ಕಂಪ್ಯೂಟರ್ ಮುಂದೆ 180 ನಿಮಿಷದಲ್ಲಿ 180 ಪ್ರಶ್ನೆ. ಎರಡರಲ್ಲೂ ತಪ್ಪಿಗೆ ಅಂಕ ಕಳೆಯೋದಿಲ್ಲ, ಅದೊಂದು ಸಮಾಧಾನ. ಜೆಇಇ ಮೇನ್ಸ್‌ನಲ್ಲಿ ಮೂರು ಗಂಟೆಗೆ 75 ಪ್ರಶ್ನೆ ಮಾತ್ರ. ಯೋಚಿಸೋಕೆ ಪುರುಸೊತ್ತು ಕೊಡುತ್ತಾರೆ, ಆದರೆ ಪ್ರಶ್ನೆ ಅಷ್ಟೇ ಗಟ್ಟಿ. ಸರಿಯಾದರೆ 4 ಅಂಕ, ತಪ್ಪಾದರೆ 1 ಕಡಿತ.

ನಮ್ಮವರು ಇದನ್ನೇ ಹಿಡಿದುಕೊಂಡರು. "ನಿಧಾನವಾಗಿ ಯೋಚಿಸೋ ಹುಡುಗಿ, ಜೆಇಇಗೇ ಸರಿ" ಅಂತ. ಅಷ್ಟು ಸುಲಭವಾ? ಜೆಇಇ ಅಂದರೆ ಎರಡು ವರ್ಷದಿಂದ ಕೋಚಿಂಗಿನಲ್ಲಿ ಬೆಂದ ಮಕ್ಕಳ ಜೊತೆ ದೇಶದಾದ್ಯಂತ ಪೈಪೋಟಿ. ಇವಳು ಮನೆಯಲ್ಲಿ ಓದಿಕೊಂಡವಳು.

ನಾನು ತೆಗೆದದ್ದು ಬೋರ್ಡ್ ಅಂಕದ ಮಾತು. ಸಿಇಟಿ ಎಂಜಿನಿಯರಿಂಗ್ ರ್‍ಯಾಂಕಿಗೆ ಅರ್ಧ ಪಿಯುಸಿ ಅಂಕ, ಅರ್ಧ ಸಿಇಟಿ ಅಂಕ. ಬೇರೆ ಎರಡರಲ್ಲಿ ರ್‍ಯಾಂಕಿಗೆ ಬೋರ್ಡ್ ಅಂಕ ಲೆಕ್ಕಕ್ಕೇ ಇಲ್ಲ. ಕಾಗದದ ಮೇಲೆ ಹಾಕಿ ತೋರಿಸಿದೆ. ಪಿಯುಸಿಯ ಪಿಸಿಎಂನಲ್ಲಿ (ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾಥ್ಸ್) ಶೇ. 95 ತೆಗೆದವಳು ಸಿಇಟಿಯಲ್ಲಿ 180ಕ್ಕೆ 90 ತೆಗೆದರೂ ಒಟ್ಟು 72.5. ಬೋರ್ಡಿನಲ್ಲಿ ಶೇ. 75 ಬಂದವಳು ಅದೇ 72.5 ಮುಟ್ಟಬೇಕಾದರೆ ಸಿಇಟಿಯಲ್ಲಿ 126 ತೆಗೆಯಬೇಕು. 36 ಪ್ರಶ್ನೆ ಜಾಸ್ತಿ! ಮೈಕ್ರೊಫ್ಯಾರಡ್ ಬರೆಯೋ ಅಭ್ಯಾಸಕ್ಕೆ ಬೆಲೆ ಇರೋದು ಈ ಬೋರ್ಡ್ ಪರೀಕ್ಷೆಯಲ್ಲೇ ಅಲ್ವಾ? ಮಗಳು ಆ ಕಾಗದವನ್ನು ಕಿತ್ತುಕೊಂಡು ಎರಡೆರಡು ಸಲ ನೋಡಿದಳು.

ಸಿಇಟಿಯಲ್ಲೂ ತಲೆನೋವು ಇಲ್ಲ ಅಂತಲ್ಲ. 2024ರಲ್ಲಿ ಪಠ್ಯದಲ್ಲಿಲ್ಲದ ಪ್ರಶ್ನೆಗಳು ಬಂದು ಗಲಾಟೆಯಾಗಿ, ಕೊನೆಗೆ 50 ಪ್ರಶ್ನೆ ಬಿಟ್ಟು ಅಂಕ ಕೊಟ್ಟರು. ಆದರೂ ನನ್ನ ಓಟು ಅದಕ್ಕೇ. ದುಡ್ಡಿನ ಲೆಕ್ಕವೂ ಇದೆಯಲ್ಲ. ಖಾಸಗಿ ಕಾಲೇಜಿನ ಒಂದೇ ಬೆಂಚಿನಲ್ಲಿ ಸಿಇಟಿ ಸೀಟಿನವಳೂ ಕಾಮೆಡ್‌ಕೆ ಸೀಟಿನವಳೂ ಕೂತಿರುತ್ತಾರೆ. ಪಾಠ ಒಂದೇ, ಫೀಸು ಮಾತ್ರ ಕಾಮೆಡ್‌ಕೆಯವಳಿಗೆ ಎಷ್ಟೋ ಜಾಸ್ತಿ. ಸಿಇಟಿಗೆ ಓದಿದ್ದೇ ಕಾಮೆಡ್‌ಕೆಗೂ ಆಗುತ್ತೆ, ಆ ಅರ್ಜಿ ಬಂದಾಗ ಸುಮ್ನೆ ಹಾಕಿದರಾಯ್ತು.

ಹಾಗಾದರೆ ಜೆಇಇ ಯಾಕೆ ಅಂದರೆ, ಸುರತ್ಕಲ್ಲು. ಅಲ್ಲಿನ ಎನ್‌ಐಟಿಕೆ ಅನ್ನೋ ಕೇಂದ್ರದ ಎಂಜಿನಿಯರಿಂಗ್ ಕಾಲೇಜಿಗೆ ಜೆಇಇಯೇ ದಾರಿ, ಅದರಲ್ಲಿ ಅರ್ಧ ಸೀಟು ನಮ್ಮ ರಾಜ್ಯದವರಿಗೆ. ಮಗಳಿಗೆ ಕಾಲೇಜಿನ ಮೇಲೆ ಆಸೆಯೋ ಪಕ್ಕದ ಸಮುದ್ರದ ಮೇಲೆ ಆಸೆಯೋ, ಕೇಳಲು ಹೋಗಲಿಲ್ಲ.

ಮಧ್ಯಾಹ್ನ ಅರ್ಜಿ ತುಂಬಿದ್ದಾಯ್ತು. ಪ್ರಶ್ನೆಪತ್ರಿಕೆಯ ಭಾಷೆಗಳಲ್ಲಿ ಕನ್ನಡವೂ ಇತ್ತು. ಹತ್ತನೆಯವರೆಗೆ ಕನ್ನಡ ಮೀಡಿಯಂ ಆದರೂ ಅವಳು ಇಂಗ್ಲಿಷ್ ಒತ್ತಿದಳು. ಜೆಇಇ ಮೇನ್ಸ್ ಜನವರಿಗೊಮ್ಮೆ, ಏಪ್ರಿಲ್‌ಗೊಮ್ಮೆ ಇರುತ್ತೆ. ಜನವರಿಯದ್ದು ಮಾತ್ರ ಬರೆಯುತ್ತಾಳಂತೆ, ಏಪ್ರಿಲ್ ಪೂರ್ತಿ ಸಿಇಟಿಗೆ. ಇವರು ಹ್ಞೂಂ ಅಂದಿಲ್ಲ. ಜನವರಿಯ ಪರ್ಸೆಂಟೈಲ್ ಬಂದ ಮೇಲೆ ಈ ಮಾತು ಮತ್ತೆ ಎದ್ದೇ ಏಳುತ್ತೆ.