ಬಾಗಿಲು ಯಾವ ಕಡೆಗಿತ್ತು?

“ಹಾಗಾದರೆ ಆ ಹುಡುಗನ ಮನೆಯ ಬಾಗಿಲು ಯಾವ ಕಡೆಗಿತ್ತು?”

ಕಾಫಿ ಬಗ್ಗಿಸುತ್ತಿದ್ದ ಅಜ್ಜಿ ಹೀಗೆ ಕೇಳಿ ಇವತ್ತಿಗೆ ನಾಲ್ಕು ದಿನ. ಕೇಳಿದ್ದು ನನ್ನನ್ನಲ್ಲ, ಭಾವನನ್ನು. ಭಾವ ಕೈಯಲ್ಲಿದ್ದ ಬ್ರೆಡ್ಡಿನ ಚೂರನ್ನು ತಟ್ಟೆಗೆ ಹಾಕಿದರು, ಎತ್ತಿಕೊಂಡರು, ಮತ್ತೆ ಹಾಕಿದರು. ಮೂವತ್ತೆಂಟು ವರ್ಷ ಬ್ಯಾಂಕಿನ ಮೇಜಿನ ಆಚೆ ಕುಳಿತು ಲೋಕವನ್ನೆಲ್ಲ ಪ್ರಶ್ನೆ ಕೇಳಿದ ಮನುಷ್ಯ ಒಂದು ಪ್ರಶ್ನೆಗೆ ಹೀಗೆ ತಡವರಿಸಿದ್ದನ್ನು ನಾನು ಕಂಡಿರಲಿಲ್ಲ.

ಊರಿನ ಹೆಸರು ಬಾರ್ಲೆ. ನೆದರ್‌ಲ್ಯಾಂಡ್ಸ್‌ನ ದಕ್ಷಿಣದ ಅಂಚಿನಲ್ಲಿದೆ. ಬ್ರೆಡಾದಿಂದ ಬಸ್ಸಿನಲ್ಲಿ ಹೋದೆವು. ಹೋಗಿದ್ದು ಭಾವನ ಹಟಕ್ಕೆ. ನಿವೃತ್ತರಾದ ಮೇಲೆ ಅವರಿಗೆ ವಿಚಿತ್ರ ಊರುಗಳ ಹುಚ್ಚು ಹತ್ತಿದೆ. ಒಂದು ಡೈರಿಯಲ್ಲಿ ಅವುಗಳ ಪಟ್ಟಿ ಇಟ್ಟಿದ್ದಾರೆ, ನೋಡಿ ಬಂದುದಕ್ಕೆ ಕೆಂಪು ಶಾಯಿಯಲ್ಲಿ ಗುರುತು ಹಾಕುತ್ತಾರೆ. ನೋಡುವುದಕ್ಕಿಂತ ಗುರುತು ಹಾಕುವುದರಲ್ಲೇ ಅವರಿಗೆ ಸುಖ ಎಂಬುದು ನನ್ನ ಅನುಮಾನ. ಅಕ್ಕ ಇದನ್ನು ನನಗಿಂತ ಮೊದಲೇ ಕಂಡುಕೊಂಡು ಸುಮ್ಮನಾಗಿದ್ದಾಳೆ.

ಬಾರ್ಲೆಯ ವಿಚಿತ್ರವೆಂದರೆ ಅದು ಒಂದು ಊರಾಗಿ ಎರಡು ದೇಶಗಳಿಗೆ ಸೇರಿದೆ. ಅದೂ ನಡುವೆ ಒಂದು ಗೆರೆ ಎಳೆದು ಈಚೆಗೆ ಇವರು ಆಚೆಗೆ ಅವರು ಎಂಬಂತೆ ಅಲ್ಲ. ನೆದರ್‌ಲ್ಯಾಂಡ್ಸ್‌ನ ನೆಲದೊಳಗೆ ಬೆಲ್ಜಿಯಂನ 22 ತುಂಡುಗಳು ದ್ವೀಪಗಳಂತೆ ಚೆಲ್ಲಿಕೊಂಡಿವೆ. ಆ ತುಂಡುಗಳ ಹೊಟ್ಟೆಯೊಳಗೆ ಮತ್ತೆ ನೆದರ್‌ಲ್ಯಾಂಡ್ಸ್‌ನ ಏಳು ತುಂಡುಗಳು. ಕಾಲುದಾರಿಯ ಮೇಲೆ ಬಿಳಿಯ ಅಡ್ಡಗುರುತುಗಳ ಸಾಲು, ಒಂದು ಬದಿಗೆ ‘ಎನ್‌ಎಲ್’, ಇನ್ನೊಂದು ಬದಿಗೆ ‘ಬಿ’. ಆ ಸಾಲು ಅಂಗಡಿಯೊಳಗೆ ನುಗ್ಗುತ್ತದೆ, ಹಿತ್ತಿಲಿನಿಂದ ಹೊರಬೀಳುತ್ತದೆ, ಪಕ್ಕದವರ ಅಡುಗೆಮನೆಯನ್ನು ಸೀಳಿಕೊಂಡು ಹೋಗುತ್ತದೆ. ಮನೆ ಯಾವ ದೇಶದ್ದೆಂದು ತಿಳಿಯಲು ನಂಬರ್ ಫಲಕದ ಮೇಲಿನ ಪುಟ್ಟ ಧ್ವಜವನ್ನು ನೋಡಬೇಕು. ಬಸ್ಸಿಳಿದು ಅರ್ಧ ಗಂಟೆಯೊಳಗೆ ನನ್ನ ಮೊಬೈಲಿಗೆ ಐದು ಸ್ವಾಗತ ಸಂದೇಶಗಳು ಬಂದಿದ್ದವು: ಬೆಲ್ಜಿಯಂನವು ಮೂರು, ನೆದರ್‌ಲ್ಯಾಂಡ್ಸ್‌ನವು ಎರಡು. ಭಾವ ಡೈರಿ ತೆಗೆದು ಗಡಿ ದಾಟಿದ ಲೆಕ್ಕ ಬರೆಯತೊಡಗಿದರು. ಸಂಜೆಗೆ ಮೂವತ್ತನಾಲ್ಕು.

ನಾವು ಉಳಿದುಕೊಂಡಿದ್ದು ಆ ಅಜ್ಜಿಯ ಮನೆಯ ಮಹಡಿಯ ಕೋಣೆಗಳಲ್ಲಿ. ಎಂಬತ್ತು ದಾಟಿರಬೇಕು, ಬೆನ್ನು ನೆಟ್ಟಗಿತ್ತು, ಇಂಗ್ಲಿಷನ್ನು ಎಣಿಸಿ ಎಣಿಸಿ ಖರ್ಚು ಮಾಡುತ್ತಿದ್ದರು. ಬೀಗದ ಕೈ ಕೊಡುವಾಗ, ಗೆರೆ ಅಕ್ಕ-ಭಾವನ ಮಂಚದ ಕೆಳಗೇ ಹಾದುಹೋಗುತ್ತದೆ, ತಲೆ ಒಂದು ದೇಶದಲ್ಲಿ ಕಾಲು ಇನ್ನೊಂದರಲ್ಲಿ ಎಂದರು. ಅಕ್ಕ ಕೇಳಿದ್ದು ಒಂದೇ: ತಲೆ ಉತ್ತರಕ್ಕೆ ಬರುವುದಿಲ್ಲ ತಾನೇ? ಬರುತ್ತಿತ್ತು. ಅವಳು ದಿಂಬನ್ನು ಎತ್ತಿ ಕಾಲಿನ ಕಡೆಗೆ ಹಾಕಿಕೊಂಡಳು. ಷೆಂಗೆನ್ ವೀಸಾ ಅರ್ಜಿಯಲ್ಲಿ ಹೆಚ್ಚು ರಾತ್ರಿಗಳನ್ನು ಯಾವ ದೇಶದಲ್ಲಿ ಕಳೆಯುತ್ತೀರಿ ಎಂಬ ಲೆಕ್ಕಕ್ಕೆ ಮಹತ್ವವಿದೆಯಲ್ಲ, ಈ ಎರಡು ರಾತ್ರಿಗಳನ್ನು ಯಾರ ಖಾತೆಗೆ ಹಾಕುವುದು ಎಂದು ಭಾವ ಅಜ್ಜಿಯನ್ನು ಕೇಳಿದರು. ಅಜ್ಜಿ ಕೆಳಗಿನ ಮುಂಬಾಗಿಲನ್ನು ತೋರಿಸಿದರು. ಬಾಗಿಲು ಬೆಲ್ಜಿಯಂನಲ್ಲಿದೆ, ಹಾಗಾಗಿ ಮನೆ ಬೆಲ್ಜಿಯಂನದು, ಮುಗಿಯಿತು.

ಬಾರ್ಲೆಯ ನ್ಯಾಯವೇ ಅದು. ಗೆರೆ ಮನೆಯನ್ನು ಹೇಗೆ ಬೇಕಾದರೂ ತುಂಡರಿಸಲಿ, ಮುಂಬಾಗಿಲು ಎಲ್ಲಿದೆಯೋ ಮನೆ ಆ ದೇಶದ್ದು, ತೆರಿಗೆಯೂ ಅಲ್ಲಿಗೇ. ಲೋವರೆನ್ ಎಂಬ ಬೀದಿಯಲ್ಲಿ ಒಂದು ಮನೆಯ ಬಾಗಿಲಿನ ನಟ್ಟನಡುವೆಯೇ ಗಡಿ ಹಾದುಹೋಗಿರುವುದರಿಂದ ಅದಕ್ಕೆ ಎರಡೂ ದೇಶಗಳ ನಂಬರುಗಳಿವೆ. 1995ರಲ್ಲಿ ಗಡಿಯ ಅಳತೆ ಅಂತಿಮವಾದಾಗ ಬೆಲ್ಜಿಯಂನವಳೆಂದೇ ಬಾಳಿದ್ದ ಒಬ್ಬ ಮುದುಕಿಯ ಬಾಗಿಲು ನೆದರ್‌ಲ್ಯಾಂಡ್ಸ್‌ನಲ್ಲಿದೆ ಎಂದು ಗೊತ್ತಾಯಿತಂತೆ. ಆಕೆ ಬಾಗಿಲಿದ್ದ ಜಾಗಕ್ಕೆ ಕಿಟಕಿ, ಕಿಟಕಿಯಿದ್ದ ಜಾಗಕ್ಕೆ ಬಾಗಿಲು ಇಡಿಸಿ ತನ್ನ ದೇಶವನ್ನು ಉಳಿಸಿಕೊಂಡಳು ಎಂಬುದು ಊರಿನವರು ಬಂದವರಿಗೆಲ್ಲ ಹೇಳುವ ಕಥೆ. ಗಾರೆ ಕೆಲಸದವನ ಒಂದು ವಾರದ ಕೂಲಿಯಲ್ಲಿ ಪೌರತ್ವದ ತಕರಾರು ಬಗೆಹರಿಯುವುದೆಂದರೆ!

ಇದೆಲ್ಲ ಶುರುವಾದದ್ದು ಇಬ್ಬರು ಒಡೆಯರ ಹಂಚಿಕೆಯಿಂದ. 1198ರ ಸುಮಾರಿಗೆ ಬ್ರಬಾಂಟಿನ ಡ್ಯೂಕ್ ಒಂದನೆಯ ಹೆನ್ರಿ ಬ್ರೆಡಾದ ಒಡೆಯನಿಗೆ ಇಲ್ಲಿನ ನೆಲ ಬಿಟ್ಟುಕೊಡುವಾಗ, ತನ್ನ ಒಕ್ಕಲುಗಳು ಉಳುತ್ತಿದ್ದ ಹೊಲಗಳನ್ನು ತನಗೇ ಇಟ್ಟುಕೊಂಡ. ಡ್ಯೂಕನ ತುಂಡುಗಳು ‘ಬಾರ್ಲೆ-ಹೆರ್ಟೊಗ್’ ಆದವು. ಉಳಿದದ್ದು, ಬ್ರೆಡಾ ಮುಂದೆ ನಸ್ಸಾವ್ ಮನೆತನದ ಕೈಸೇರಿದ್ದರಿಂದ, ‘ಬಾರ್ಲೆ-ನಸ್ಸಾವ್’. ಬೆಲ್ಜಿಯಂ ಬೇರೆ ದೇಶವಾದ ಮೇಲೆ 1843ರಲ್ಲಿ ಗಡಿ ಗುರುತಿಸಲು ಕುಳಿತವರು ಇಲ್ಲಿಗೆ ಬರುವ ಹೊತ್ತಿಗೆ ಕೈಚೆಲ್ಲಿದರು. 5,732 ಜಮೀನು ತುಂಡುಗಳಿಗೆ ಒಂದೊಂದಾಗಿ ದೇಶ ಬರೆದಿಟ್ಟು ಎದ್ದುಹೋದರು.

ನಗುವುದಕ್ಕೆ ಇಲ್ಲಿ ಬೇಕಾದಷ್ಟಿದೆ. ನೆದರ್‌ಲ್ಯಾಂಡ್ಸ್‌ನಲ್ಲಿ ಹದಿನೆಂಟು ತುಂಬದೆ ಬಿಯರ್ ಕೊಡುವುದಿಲ್ಲ, ಬೆಲ್ಜಿಯಂನಲ್ಲಿ ಹದಿನಾರಾದರೆ ಸಾಕು. ಎರಡು ಪುರಸಭೆ, ಇಬ್ಬರು ಮೇಯರ್. 2020ರ ಕೊರೊನಾ ಕಾಲದಲ್ಲಿ ಬೆಲ್ಜಿಯಂ ಬಟ್ಟೆ ಅಂಗಡಿಗಳನ್ನು ಮುಚ್ಚಿಸಿದಾಗ ಗೆರೆಯ ಮೇಲಿದ್ದ ಒಂದು ಅಂಗಡಿಯ ಅರ್ಧಕ್ಕೆ ಮಾತ್ರ ಪಟ್ಟಿ ಕಟ್ಟಿದರು, ಇನ್ನರ್ಧದಲ್ಲಿ ವ್ಯಾಪಾರ ನಡೆಯಿತು. ನಾವಿದ್ದ ದಿನ ಒಂದು ಜೋಡಿ ಗೆರೆಯ ಮೇಲೆ ಅಡ್ಡಡ್ಡ ಮಲಗಿ ಫೋಟೊ ತೆಗೆಸಿಕೊಳ್ಳುತ್ತಿತ್ತು. ಸೈಕಲ್ಲಿನ ಮೇಲೆ ಬಂದ ಹೆಂಗಸೊಬ್ಬಳು ಅವರನ್ನು ಬಳಸಿಕೊಂಡು ಹೋದಳು, ತಿರುಗಿಯೂ ನೋಡಲಿಲ್ಲ. ನಾನೂ ಒಂದು ಕಾಲು ಅಲ್ಲಿ ಒಂದು ಕಾಲು ಇಲ್ಲಿ ಇಟ್ಟು ಫೋಟೊ ತೆಗೆಸಿಕೊಂಡೆ. ಸುಳ್ಳು ಹೇಳಿ ಏನು ಪ್ರಯೋಜನ.

ಎರಡನೆಯ ಬೆಳಿಗ್ಗೆ ತಿಂಡಿಯ ಮೇಜಿನಲ್ಲಿ ಭಾವ ಒಳ್ಳೆಯ ಹುಮ್ಮಸ್ಸಿನಲ್ಲಿದ್ದರು. ನಿಮ್ಮ ಊರಿನಂಥದ್ದು ನಮ್ಮಲ್ಲೂ ಇತ್ತು ಎಂದು ಅಜ್ಜಿಗೆ ತಮ್ಮ ಹಳೆಯ ಕಥೆಯನ್ನು ಶುರುಮಾಡಿದರು. ನಾವು ಅದನ್ನು ಮದುವೆ ಮನೆಗಳಲ್ಲಿ, ರೈಲಿನಲ್ಲಿ, ಕಡಿಮೆಯೆಂದರೂ ಇಪ್ಪತ್ತು ಸಲ ಕೇಳಿದ್ದೇವೆ, ಇಪ್ಪತ್ತು ಸಲವೂ ನಕ್ಕಿದ್ದೇವೆ. 1987ರಲ್ಲಿ ಬಡ್ತಿಯ ಜೊತೆಗೆ ಅವರಿಗೆ ಪಶ್ಚಿಮ ಬಂಗಾಳದ ಕೂಚ್‌ಬಿಹಾರ್ ಜಿಲ್ಲೆಯ ದಿನ್‌ಹಾಟಾಕ್ಕೆ ವರ್ಗವಾಗಿತ್ತು. ಒಂದು ದಿನ ಒಬ್ಬ ಹುಡುಗ ಸೆಣಬು ಮಾರಿದ ದುಡ್ಡನ್ನು ಟವೆಲಿನಲ್ಲಿ ಕಟ್ಟಿಕೊಂಡು ಉಳಿತಾಯ ಖಾತೆ ತೆರೆಯಲು ಬಂದ. ಪರಿಚಯದ ಸಹಿ ಹಾಕಲು ಒಬ್ಬ ವ್ಯಾಪಾರಿಯನ್ನೂ ಕರೆತಂದಿದ್ದ. ವಿಳಾಸದ ಜಾಗದಲ್ಲಿ ಮಶಾಲ್‌ಡಾಂಗಾ ಎಂದಿತ್ತು. ಅದು ಭಾರತದೊಳಗೆ ಇದ್ದ ಬಾಂಗ್ಲಾದೇಶದ ತುಂಡು.

“ಇದು ಬಾಂಗ್ಲಾದೇಶವಲ್ಲವೇನಪ್ಪಾ?” ಎಂದರು ಭಾವ.

“ಬಾಂಗ್ಲಾದೇಶಕ್ಕೆ ಹೋಗಬೇಕಾದರೆ ನಾನು ನಿಮ್ಮ ದೇಶವನ್ನು ದಾಟಬೇಕು ಸಾರ್. ದಾಟಿದರೆ ನಿಮ್ಮವರು ಹಿಡಿಯುತ್ತಾರೆ. ಇಲ್ಲಿಗೆ ಬಂದದ್ದಕ್ಕೂ ಹಿಡಿಯಬಹುದು,” ಎಂದನಂತೆ ಹುಡುಗ.

ಇಲ್ಲಿ ಭಾವ ತೊಡೆ ತಟ್ಟಿ ನಗುತ್ತಾರೆ, ನಾವೂ ನಗುತ್ತೇವೆ, ಕಥೆ ಮುಗಿಯುತ್ತದೆ. ಖಾತೆ ತೆರೆಯಲಿಲ್ಲ ಎಂಬುದನ್ನು ಹೇಳುವ ಅಗತ್ಯವೇ ಬಂದಿರಲಿಲ್ಲ. ಅಜ್ಜಿ ನಗಲಿಲ್ಲ. ಕಾಫಿ ಬಗ್ಗಿಸುತ್ತಲೇ, ಲೆಕ್ಕದಲ್ಲಿ ಬಿಟ್ಟುಹೋದ ಒಂದು ಅಂಕಿಯನ್ನು ಕೇಳುವವರಂತೆ ಕೇಳಿದರು: ಹಾಗಾದರೆ ಆ ಹುಡುಗನ ಮನೆಯ ಬಾಗಿಲು ಯಾವ ಕಡೆಗಿತ್ತು?

ಅದರಲ್ಲಿ ವ್ಯಂಗ್ಯವಿರಲಿಲ್ಲ, ನನಗೆ ಖಾತ್ರಿಯಿದೆ. ಇಂಥ ಊರಿಗೆ ಏನಾದರೂ ಒಂದು ನಿಯಮ ಇರಲೇಬೇಕು, ಅದು ತನಗೆ ಗೊತ್ತಾಗಬೇಕು, ಅಷ್ಟೇ. ನಾಲ್ಕು ದಿನದಿಂದ ನಾನು ಆ ಪ್ರಶ್ನೆಯನ್ನು ಮಗುಚಿ ಹಾಕುತ್ತಲೇ ಇದ್ದೇನೆ. ಅಲ್ಲಿ ಬಾಗಿಲು ಯಾವ ಕಡೆಗಿದ್ದರೂ ಅದರಾಚೆ ಅವನನ್ನು ತನ್ನವನೆನ್ನುವ ಸರ್ಕಾರವಿರಲಿಲ್ಲ. ಕೂಚ್‌ಬಿಹಾರದ ರಾಜ ಮತ್ತು ರಂಗ್‌ಪುರದ ಫೌಜುದಾರ ಚದುರಂಗದಲ್ಲಿ ಹಳ್ಳಿಗಳನ್ನು ಪಣಕ್ಕಿಟ್ಟು, ಒಂದು ದೇಶದ ಹೊಟ್ಟೆಯೊಳಗೆ ಸಿಕ್ಕಿದ ಇನ್ನೊಂದರ ತುಂಡುಗಳಾದ ಈ ಛಿಟ್‌ಮಹಲುಗಳು ಹುಟ್ಟಿದವು ಎಂಬ ದಂತಕಥೆಯಿದೆ. ಅದು ಬರೀ ಕಥೆಯಾದರೂ ಅಲ್ಲಿನ ಜನ ಬದುಕಿದ್ದು ಕಾಯಿಗಳ ಹಾಗೆಯೇ. ಬಾರ್ಲೆಯಲ್ಲಿ ಎಲ್ಲವೂ ಎರಡೆರಡಿದ್ದರೆ ಅಲ್ಲಿ ವಿದ್ಯುತ್ತಿಲ್ಲ, ಪೊಲೀಸರಿಲ್ಲ, ಮತದಾರರ ಚೀಟಿಯಿಲ್ಲ. ಮಕ್ಕಳನ್ನು ಶಾಲೆಗೆ ಸೇರಿಸಬೇಕಾದರೆ ಭಾರತದ ಯಾರನ್ನೋ ತಂದೆಯೆಂದು ಬರೆಸಬೇಕಿತ್ತು. ಈ ತುಂಡುಗಳನ್ನು ಅದಲುಬದಲು ಮಾಡಿಕೊಳ್ಳಲು ಎರಡು ದೇಶಗಳ ನಡುವೆ 1974ರಲ್ಲೇ ಒಪ್ಪಂದವಾದರೂ ಜಾರಿಯಾಗಲು 2015ರ ಜುಲೈ 31ರ ಮಧ್ಯರಾತ್ರಿ ಬರಬೇಕಾಯಿತು. ಭಾರತದ 111 ತುಂಡುಗಳು ಬಾಂಗ್ಲಾದೇಶಕ್ಕೆ, ಬಾಂಗ್ಲಾದೇಶದ 51 ಭಾರತಕ್ಕೆ. ಅವುಗಳಲ್ಲಿದ್ದ ಐವತ್ತು ಸಾವಿರಕ್ಕೂ ಹೆಚ್ಚು ಜನರಿಗೆ ಆ ರಾತ್ರಿ ಒಂದು ದೇಶ ಸಿಕ್ಕಿತು. 68 ವರ್ಷಗಳ ಲೆಕ್ಕಕ್ಕೆ 68 ಮೇಣದಬತ್ತಿ ಹಚ್ಚಿದರೆಂದು ಆಗ ಪತ್ರಿಕೆಗಳಲ್ಲಿ ಬಂದಿತ್ತು.

ಬಾರ್ಲೆಯವರು ಪುಣ್ಯವಂತರು, ನಾವು ಪಾಪಿಗಳು ಎಂದು ಹೇಳಿ ಮುಗಿಸುವಂತೆಯೂ ಇಲ್ಲ. ಮೊದಲ ಮಹಾಯುದ್ಧದಲ್ಲಿ ಜರ್ಮನ್ನರು ಬೆಲ್ಜಿಯಂನ ಬಹುಪಾಲನ್ನು ವಶಪಡಿಸಿಕೊಂಡಾಗ ಈ ತುಂಡುಗಳು ಮಾತ್ರ ಉಳಿದವು, ಏಕೆಂದರೆ ಇಲ್ಲಿಗೆ ಬರಲು ತಟಸ್ಥ ನೆದರ್‌ಲ್ಯಾಂಡ್ಸ್ ದಾಟಬೇಕಿತ್ತು. ಆ ಹುಡುಗ ಹೇಳಿದ ಮಾತೇ, ಇಲ್ಲಿ ಕಾಪಾಡಿತು. ಆದರೆ 1915ರಿಂದ ಜರ್ಮನ್ನರು ಎರಡು ದೇಶಗಳ ಗಡಿಯುದ್ದಕ್ಕೂ ವಿದ್ಯುತ್ ತಂತಿ ಬೇಲಿ ಎಳೆದರು, ದಾಟಲು ಹೋದವರು ಸುಟ್ಟು ಸತ್ತರು. ಜನ ಅದನ್ನು ಸಾವಿನ ತಂತಿ ಎಂದೇ ಕರೆದರು. ಅಜ್ಜಿಯ ಅಜ್ಜಿ ಆ ಬೇಲಿಯ ಹತ್ತಿರ ದನ ಮೇಯಲು ಬಿಡುತ್ತಿರಲಿಲ್ಲವಂತೆ. ಅವರು ಇದನ್ನು ಹೇಳಿದ್ದು ನಾವು ಹೊರಡುವಾಗ, ಅದೂ ಅಕ್ಕ ಕೇಳಿದ್ದಕ್ಕೆ.

ಭಾವನ ಡೈರಿಯಲ್ಲಿ ದಹಲಾ ಖಗ್ರಾಬಾರಿಯೂ ಇದೆ. ಬಾಂಗ್ಲಾದೇಶದೊಳಗಿನ ಭಾರತದೊಳಗಿನ ಬಾಂಗ್ಲಾದೇಶದೊಳಗೆ ಇದ್ದ ಭಾರತದ ತುಂಡು, ಎರಡು ಎಕರೆಯೂ ಇಲ್ಲದ ಒಂದು ಸೆಣಬಿನ ಹೊಲ. ‘ಲೋಕದಲ್ಲೇ ಏಕೈಕ’ ಎಂದು ಬರೆದು ಮೂರು ಉದ್ಗಾರ ಚಿಹ್ನೆ ಹಾಕಿದ್ದಾರೆ. ಹಿಂದಿನ ರಾತ್ರಿಯಷ್ಟೇ ಅದನ್ನು ನನಗೆ ತೋರಿಸಿ ಒಗಟು ಬಿಡಿಸು ಎಂದಿದ್ದರು. ಇಂಥ ಪಟ್ಟಿಗಳ ಮೇಲೆ ನನಗೆ ಮೊದಲಿನಿಂದಲೂ ಸಿಟ್ಟು. ಜಾಗದ ವಿಚಿತ್ರವನ್ನು ಬರೆಯುವ ಕೈ ಅಲ್ಲಿ ನೀರು ಸೇದುವವರನ್ನು ಬರೆಯುವುದಿಲ್ಲ. ಆದರೆ ಆ ರಾತ್ರಿ ಒಗಟು ಬಿಡಿಸಿ ಗೆದ್ದೆನೆಂದು ಬೀಗಿದವನು ನಾನೇ.

ತಿಂಡಿಯಾದ ಮೇಲೆ ಊರೊಳಗೆ ಮತ್ತೊಂದು ಸುತ್ತು ಹೋದೆವು. ಭಾವ ಡೈರಿ ತೆಗೆಯಲಿಲ್ಲ. ಗಡಿ ದಾಟಿದ ಲೆಕ್ಕ ಅರವತ್ತೊಂದಕ್ಕೆ ನಿಂತಿದೆ. ಪ್ರತಿ ಮನೆಯ ಮುಂದೆಯೂ ಬಾಗಿಲನ್ನು ಒಮ್ಮೆ ನೋಡುತ್ತಿದ್ದರು, ಧ್ವಜವನ್ನಲ್ಲ. ಅಕ್ಕ ನನ್ನ ಮೊಣಕೈ ತಿವಿದು, ಸುಮ್ಮನಿರು ಎಂದು ಕಣ್ಣಿನಲ್ಲೇ ಹೇಳಿದಳು.

ಬಸ್ಸಿನಲ್ಲಿ ಬ್ರೆಡಾದ ಕಡೆಗೆ ಅರ್ಧ ದಾರಿ ಬಂದಿದ್ದೆವು. ನಾನು ಕಿಟಕಿಗೆ ತಲೆಯಾನಿಸಿ ತೂಕಡಿಸುತ್ತಿದ್ದೆ.

“ಸಹಿ ಚೆನ್ನಾಗಿತ್ತು,” ಎಂದರು ಭಾವ.

“ಯಾರದ್ದು?”

“ಆ ಹುಡುಗನದ್ದು. ಬಂಗಾಳಿಯಲ್ಲಿ, ದುಂಡಗೆ. ಬಹಳ ಅಭ್ಯಾಸ ಮಾಡಿಕೊಂಡು ಬಂದಿದ್ದ ಅಂತ ಕಾಣುತ್ತದೆ.”

ಮಶಾಲ್‌ಡಾಂಗಾ ಬ್ಯಾಂಕಿನಿಂದ ಎಷ್ಟು ದೂರವಿತ್ತು ಎಂದು ಕೇಳಿದೆ.

“ಅವನು ಸೈಕಲ್ಲಿನಲ್ಲಿ ಬಂದಿದ್ದ,” ಎಂದರು. ಸ್ವಲ್ಪ ಹೊತ್ತು ಬಿಟ್ಟು, “ಎರಡು ವರ್ಷ ಅಲ್ಲಿದ್ದೆ. ಒಂದು ದಿನವೂ ಹೋಗಿ ನೋಡಲಿಲ್ಲ,” ಎಂದರು.